ಕೊನೆಯ ಕಾಲು ಸುತ್ತು

ಬಾನೆಟ್ ಎತ್ತಿ, ಎಂಜಿನ್ ಎಣ್ಣೆಯ ಮುಚ್ಚಳ ಬಿಚ್ಚಿ, ನಮ್ಮ ಯಜಮಾನರು ಅದನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಮುಚ್ಚಳದ ಒಳಗೆ, ಹಾಲು ಹೆಚ್ಚಾದ ಕಾಫಿಯ ಬಣ್ಣದ ಲೋಳೆ ಅಂಟಿಕೊಂಡಿತ್ತು.

"ನೋಡಿದ್ಯಾ? ಎಣ್ಣೆಗೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ. ಅವನಿಗೆ ಹೇಳು, ರೇಡಿಯೇಟರ್‌ನಲ್ಲಿ ನೀರಿದ್ಯಾ ಇಲ್ವಾ ನೋಡ್ದೆ ಗಾಡಿ ಓಡಿಸಿದ್ರೆ ಹೀಗೇ ಆಗೋದು ಅಂತ."

'ಅವನು' ಎಂದರೆ ನನ್ನ ಮೈದುನ, ಇವರ ಒಡಹುಟ್ಟಿದ ತಮ್ಮ. ಅವನೇನೂ ಪರವೂರಿನಲ್ಲಿರಲಿಲ್ಲ. ಕಾರಿನ ಆಚೆ ಬದಿಯಲ್ಲೇ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

"ಅತ್ತಿಗೆ, ಅವರಿಗೆ ಹೇಳಿ. ಹೋದ ವಾರ ಗಾಡಿ ಇದ್ದಿದ್ದು ಅವರ ಕೈಲಿ. ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಹೋದ್ರೂ ಮನೆ ತನಕ ಓಡಿಸ್ಕೊಂಡು ಬಂದೋರು ಯಾರು ಅಂತ ಕೇಳಿ."

ಇಬ್ಬರ ಕಿವಿಯೂ ಚೆನ್ನಾಗಿಯೇ ಇತ್ತು. ಆದರೂ ನಾನು ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಹೇಳಿದೆ. ಎರಡು ವರ್ಷದಿಂದ ಅದೇ ನನ್ನ ಉದ್ಯೋಗ.

ಜಗಳದ ಮೂಲ ಇದೇ ಕಾರು. ನಮ್ಮ ಮದುವೆಗೆ ಮುಂಚೆ ಇಬ್ಬರೂ ಸೇರಿ ಕೊಂಡದ್ದು. ಆಗ ಹಸಿರು ಬಣ್ಣದ್ದು. ಒಮ್ಮೆ ನಾವು ಗಂಡ ಹೆಂಡತಿ ಊರಲ್ಲಿಲ್ಲದಾಗ, ಅಣ್ಣನಿಗೆ ಖುಷಿಯಾಗಲಿ ಎಂದು ಮೈದುನ ಅದಕ್ಕೆ ಕೆನೆ ಬಣ್ಣ ಹೊಡೆಸಿಟ್ಟ. ಇವರು ಬಂದು ನೋಡಿದರು. ಕಾರಿನ ಸುತ್ತ ಒಮ್ಮೆ ನಡೆದರು. "ನನ್ನ ಒಂದು ಮಾತು ಕೇಳಬೇಕು ಅಂತ ಇವನಿಗೆ ಅನ್ನಿಸಲಿಲ್ಲವಾ?" ಎಂದು ನನ್ನನ್ನು ಕೇಳಿ ಒಳಗೆ ಹೋದರು. ಅಷ್ಟೇ. ತಲೆಗೂದಲು ಉದುರುವ ವಯಸ್ಸಿನಲ್ಲಿ ಇಬ್ಬರೂ ಶಾಲೆ ಹುಡುಗರ ಹಾಗೆ ಠೂ ಬಿಟ್ಟುಕೊಂಡರು. ಒಂದೇ ಮನೆ, ಅವನು ಮಹಡಿಯ ಮೇಲೆ, ನಾವು ಕೆಳಗೆ, ಊಟ ಒಂದೇ ಒಲೆಯದು. ಅಂದಿನಿಂದ ನಮ್ಮ ಮನೆಯಲ್ಲಿ ಪೇಂಟ್ ಎಂಬ ಶಬ್ದ ಎತ್ತುವ ಹಾಗಿಲ್ಲ. ಗೋಡೆಯ ಬಣ್ಣ ಹಪ್ಪಳದಂತೆ ಏಳುತ್ತಿದ್ದರೂ ನಾನು ಬಾಯಿ ಬಿಟ್ಟಿಲ್ಲ.

ಅವರ ಕೋಪ ಅವರಿಗಿರಲಿ ಎಂದು ಸುಮ್ಮನಿರಬಹುದಿತ್ತು. ಆದರೆ ಆ ಕಾರು ಬೇಕಾಗಿದ್ದುದು ನನಗೆ, ನನ್ನ ಅಮ್ಮನಿಗೆ.

ಅಮ್ಮ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಕೂಗುತ್ತಿದ್ದವಳು. ನಿವೃತ್ತಿಯಾದ ಮೇಲೂ ಅವಳ ದನಿ ಕೇಳಿದರೆ ಜನ ತಮ್ಮ ಚೀಲ ಎತ್ತಿಕೊಳ್ಳುತ್ತಿದ್ದರು. ಹೋದ ಚಳಿಗಾಲದಲ್ಲಿ ಅವಳಿಗೆ ಪಾರ್ಶ್ವವಾಯು ಹೊಡೆಯಿತು, ನಮ್ಮ ಮನೆಗೇ ಕರೆತಂದೆವು. ಬಲಗೈ ಬಲಗಾಲು ಅರ್ಧ ಉಳಿದವು, ಮಾತು ಪೂರ್ತಿ ಹೋಯಿತು. ಎಲ್ಲವೂ ಅರ್ಥವಾಗುತ್ತದೆ, ಹೇಳಬೇಕೆಂದಿರುವುದು ಕಣ್ಣಲ್ಲೇ ಕಾಣುತ್ತದೆ, ಆದರೆ ಬಾಯಿಗೆ ಬರುವುದು 'ಹಾಂ', 'ಬೇಡ', 'ಅದು' ಈ ಮೂರೇ. ಕನ್ನಡಕವೂ ಅದು, ಬಿಸಿನೀರೂ ಅದು, ನಾನೂ ಅದು.

ಸೇತುವೆಯಾಚೆಯ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದಾರೆ. ವಾರಕ್ಕೆರಡು ಸಲ ಅಮ್ಮನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. "ಈಗಿನ ತಿಂಗಳುಗಳೇ ಮುಖ್ಯ. ಬರೋ ಮಾತು ಈಗಲೇ ಬರಬೇಕು. ಮಧ್ಯೆ ಬಿಟ್ರೆ ಸಿಕ್ಕಿದ್ದೂ ಕೈಬಿಟ್ಟು ಹೋಗುತ್ತೆ" ಎಂದು ಅವರು ಮೊದಲ ದಿನವೇ ಹೇಳಿದ್ದರು. ಬಸ್ಸಿನ ಮೆಟ್ಟಿಲು ಅಮ್ಮನಿಗೆ ಆಗದು. ಕಾರು ಕೈಕೊಟ್ಟ ಮೇಲೆ ಒಂದು ದಿನ ಬಾಡಿಗೆ ಗಾಡಿ ತರಿಸಿದೆ. ಚಾಲಕ ಹಾರ್ನ್ ಹೊಡೆಯುತ್ತ "ಬೇಗ ಹತ್ತಿಸಿ ಅಮ್ಮಾ, ಬೇಗ" ಎಂದು ಪ್ರಾಣ ತಿಂದ. ಅವಸರದಲ್ಲಿ ಅವಳ ಕಾಲು ಬಾಗಿಲಿಗೆ ಸಿಕ್ಕಿತು. ಅಂದಿನಿಂದ ಬಾಡಿಗೆ ಗಾಡಿ ಕಂಡರೆ ಗೇಟಿನ ಸರಳು ಹಿಡಿದುಕೊಂಡು "ಬೇಡ, ಬೇಡ" ಎನ್ನುತ್ತಾಳೆ. ನಮ್ಮ ಹಳೆಯ ಕಾರಾದರೆ ಬಾಗಿಲು ಅಗಲ, ಸೀಟು ತಗ್ಗು, ಅವಳಿಗೆ ಅಭ್ಯಾಸ.

ಗ್ಯಾರೇಜಿನವನು ಬಂದು ನೋಡಿ, ಬಾನೆಟ್ ಮುಚ್ಚಿ, "ಆ ಕಾಲದ ಎಂಜಿನ್ ತಲೆ ಬಿಚ್ಚೋಕೆ ನನಗೆ ಪುರುಸೊತ್ತಿಲ್ಲ, ಗುಜರಿಗೆ ಹಾಕಿ" ಎಂದು ಹೋದ. ಆಗ ಅಣ್ಣತಮ್ಮಂದಿರು ಎರಡು ವರ್ಷದಲ್ಲಿ ಮೊದಲ ಬಾರಿಗೆ ಒಮ್ಮತಕ್ಕೆ ಬಂದರು. ಬೇರೆ ಬೇರೆಯಾಗಿಯೇ ಬಂದರು ಅನ್ನಿ. "ನಾನೇ ಮಾಡ್ತೀನಿ, ಅವನಿಗೆ ಹೇಳು" ಎಂದು ಇವರು. "ನಾನೇ ಮಾಡ್ತೀನಿ, ಅವರಿಗೆ ಹೇಳಿ" ಎಂದು ಅವನು.

ಇವರು ಮುದ್ರಣಾಲಯದಲ್ಲಿ ಯಂತ್ರ ನಡೆಸುವವರು, ಪಾಳಿ ಮಧ್ಯಾಹ್ನದ್ದು. ಮೈದುನ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ, ಬಿಡುವು ಸಂಜೆಗೆ. ಹಾಗಾಗಿ ಒಂದೇ ಎಂಜಿನ್ನನ್ನು ಬೆಳಿಗ್ಗೆ ಒಬ್ಬರು ಬಿಚ್ಚಿದರೆ ಸಂಜೆ ಇನ್ನೊಬ್ಬ ಬಿಚ್ಚುತ್ತಿದ್ದ. ಇವರ ಬಳಿ ಆ ಕಾರಿನ ಹಳೆಯ ರಿಪೇರಿ ಪುಸ್ತಕ. ಅವನ ಬಳಿ ಫೋನಿನ ವೀಡಿಯೊ. ಇಬ್ಬರ ನಡುವೆ ಓಡಾಡುವ ಅಂಚೆಯವಳು ನಾನು.

"ಅವನಿಗೆ ಹೇಳು, ಟೈಮಿಂಗ್ ಬೆಲ್ಟ್ ತೆಗೆಯೋ ಮುಂಚೆ ಗುರುತು ಸರಿ ಇದ್ಯಾ ನೋಡು ಅಂತ."

"ಅವರಿಗೆ ಹೇಳಿ, ನಿನ್ನೇನೇ ನೋಡಿದೀನಿ ಅಂತ."

"ನೋಡಿದ್ರೆ ಬಾಯಿಬಿಟ್ಟು ಹೇಳೋಕೇನು ಧಾಡಿ ಅಂತ ಕೇಳು."

ಭಾನುವಾರ ಇಬ್ಬರೂ ಮನೆಯಲ್ಲಿರುತ್ತಿದ್ದರು. ಅಂದು ನಾನು ಅಡುಗೆಮನೆಗೂ ಕಾರಿಗೂ ನಡುವೆ ಗಾಣದ ಎತ್ತಾಗುತ್ತಿದ್ದೆ. ಅಡುಗೆಮನೆಯೂ ನನ್ನದಾಗಿ ಉಳಿದಿರಲಿಲ್ಲ. ನನ್ನ ಅಗಲ ಬಾಯಿಯ ಪಾತ್ರೆಯಲ್ಲಿ ಸೀಮೆಎಣ್ಣೆ ಸುರಿದು ವಾಲ್ವುಗಳನ್ನು ನೆನೆಹಾಕಿದ್ದರು. ಮೊಟ್ಟೆಯ ಟ್ರೇಯಲ್ಲಿ ನಟ್ಟುಗಳು. ನನ್ನ ಹಳೆಯ ಹಲ್ಲುಜ್ಜುವ ಬ್ರಷ್ಷೆಂದು ಮೈದುನ ತೆಗೆದುಕೊಂಡು ಕರಿ ಉಜ್ಜಿದ್ದು ನನ್ನ ಹೊಸ ಬ್ರಷ್ಷು. ಬಾಗಿಲ ಹಿಡಿಗಳ ಮೇಲೆಲ್ಲ ಕಪ್ಪು ಬೆರಳಚ್ಚು. ಯಾರದೆಂದು ಕೇಳಿದರೆ "ಅವನದು", "ಅವರದು".

ಹೆಡ್ ಎತ್ತಿದ ದಿನ ಸುಟ್ಟ ಗ್ಯಾಸ್ಕೆಟ್ ತೋರಿಸಿ ಇವರು ನನಗೆ ಪಾಠ ಮಾಡಿದರು. ಎಂಜಿನ್ನಿಗೆ ಕೆಳಗೊಂದು ಮೈ, ಮೇಲೊಂದು ತಲೆ. ಎರಡರ ಮಧ್ಯೆ ರಟ್ಟಿನಷ್ಟು ತೆಳುವಾದ ಈ ಹಾಳೆ. ಬೆಂಕಿಯನ್ನು ಬೆಂಕಿಯ ಜಾಗದಲ್ಲಿ, ನೀರನ್ನು ನೀರಿನ ದಾರಿಯಲ್ಲಿ, ಎಣ್ಣೆಯನ್ನು ಎಣ್ಣೆಯ ದಾರಿಯಲ್ಲಿ ಇಟ್ಟು, ಎರಡೂ ಕಡೆಯಿಂದ ಒತ್ತಿಸಿಕೊಂಡು ಬಿದ್ದಿರುವುದು ಇದರ ಕೆಲಸ. ಕೇಳಿ ನನಗೆ ಅದರ ಮೇಲೆ ಕನಿಕರ ಬಂತು.

ಎಂಜಿನ್ ಬಿಚ್ಚಿದ ಮೇಲೆ ಬರೀ ಗ್ಯಾಸ್ಕೆಟ್ಟಿಗೆ ಮನಸ್ಸು ನಿಲ್ಲುತ್ತದೆಯೇ? ವಾಲ್ವಿನ ಸೀಲು ಹಾಕೋಣ, ನೀರಿನ ಪಂಪು ಬದಲಿಸೋಣ, ಪೈಪುಗಳು ಹೊಸದಾಗಲಿ, ಬೆಲ್ಟೂ ಆಗಲಿ. ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಸೋಲಬಾರದೆಂದು ಎರಡು ಸೇರಿಸುತ್ತಿದ್ದರು. ಹೆಡ್ಡನ್ನು ಲೇತ್ ಅಂಗಡಿಗೆ ಒಯ್ದು ಅದರ ತಳವನ್ನು ಮಟ್ಟ ಮಾಡಿಸಿ ತಂದರು. ಇತ್ತ ಅಮ್ಮನ ಪಾಠ ನಿಂತೇ ಹೋಗಿತ್ತು. ಕಲಿತು ಬಂದಿದ್ದ 'ಬಾ', 'ಊಟ' ಎಂಬ ಎರಡು ಮಾತು ಮೆಲ್ಲಗೆ ಮಸುಕಾಗಿ ಮತ್ತೆ 'ಅದು' ಆಗಿದ್ದವು. ಅದನ್ನು ನೋಡುತ್ತ ನನಗೆ ಸಂಕಟವಾಗುತ್ತಿತ್ತು. ಆ ಸಂಕಟವೆಲ್ಲ ಸಿಟ್ಟಾಗಿ ಆ ಇಬ್ಬರ ಮೇಲೆ ತಿರುಗುತ್ತಿತ್ತು.

ಕೊನೆಗೆ ಹೆಡ್ ಕೂರಿಸುವ ದಿನ ಬಂತು. ಈ ಎಂಜಿನ್ನಿನ ಹೆಡ್ ಬೋಲ್ಟುಗಳು ಒಂದೇ ಸಲ ಬಳಸುವಂಥವು. ಮಧ್ಯದಿಂದ ಶುರುಮಾಡಿ ಹೊರಗಡೆಗೆ, ಹಂತ ಹಂತವಾಗಿ ಬಿಗಿಯಬೇಕು. ಎಲ್ಲ ಮುಗಿದ ಮೇಲೆ ಪ್ರತಿ ಬೋಲ್ಟಿಗೂ ಕೊನೆಯದಾಗಿ ಕಾಲು ಸುತ್ತು. ಆ ಕಾಲು ಸುತ್ತಿನಲ್ಲಿ ಬೋಲ್ಟು ಸ್ವಲ್ಪ ಹಿಗ್ಗಿ ಹಿಡಿತ ಸಿಗುತ್ತದಂತೆ. ಯಾವ ಬೋಲ್ಟು ಮುಗಿಯಿತು ಎಂದು ಗೊತ್ತಾಗಲು ಅದರ ತಲೆಯ ಮೇಲೆ ಪೇಂಟಿನ ಚುಕ್ಕೆ ಇಡುವುದು ಈ ಕೆಲಸದ ಪದ್ಧತಿ. ಮೈದುನ ಹಿಂದಿನ ಸಂಜೆಯೇ ಬಿಳಿ ಪೇಂಟಿನ ಪುಟ್ಟ ಶೀಶೆ, ಕುಂಚ ತಂದು ಎಂಜಿನ್ ಪಕ್ಕದಲ್ಲಿಟ್ಟು, "ಕೊನೇ ಸುತ್ತು ಆದ್ಮೇಲೆ ಚುಕ್ಕೆ ಇಡೋಕೆ ಹೇಳಿ ಅತ್ತಿಗೆ" ಎಂದಿದ್ದ. ನಾನು ಹೇಳಿದ್ದೆ. ಇವರು ಶೀಶೆಯನ್ನು ನೋಡಿ ಮುಖ ಸಿಂಡರಿಸಿದ್ದರು.

ಮರುದಿನ ಬೆಳಿಗ್ಗೆ, ಅಮ್ಮನನ್ನು ಇವರ ಕಣ್ಣಳತೆಯಲ್ಲಿ ಕೂರಿಸಿ, ನಾನೊಬ್ಬಳೇ ಬಸ್ಸು ಹತ್ತಿ ಮೇಡಂ ಬಳಿ ಹೋದೆ. ಕಾರಿನ ರಾಮಾಯಣ ಹೇಳಿಕೊಂಡು, ಮನೆಯಲ್ಲಿ ಏನಾದರೂ ಮಾಡಬಹುದೇ ಎಂದು ಕೇಳಿದೆ. ಅವರು ನಕ್ಕರು.

"ಮಾಡಬಹುದು. ನೀವು ಬಾಯಿ ಮುಚ್ಕೊಂಡಿರಬಹುದು."

"ಅಂದ್ರೆ?"

"ಬೇಜಾರು ಮಾಡ್ಕೋಬೇಡಿ. ಇಲ್ಲಿ ನಾನು ನಿಮ್ಮ ಅಮ್ಮನ್ನ ಏನಾದ್ರೂ ಕೇಳಿದ್ರೆ ಅವರು ಬಾಯಿ ತೆರೆಯೋ ಹೊತ್ತಿಗೆ ಉತ್ತರ ನೀವು ಕೊಟ್ಟಾಗಿರುತ್ತೆ. ನೀರು ಬೇಕಾ ಅಂತ ನೀವೇ ಕೇಳ್ತೀರ, ಹಾಂ ಅವರಿಗೆ ನೀರು ಬೇಕು ಅಂತ ನೀವೇ ಹೇಳ್ತೀರ. ಲೋಟ ತೋರಿಸಿ, ಕಾಯಿರಿ. ಎಷ್ಟು ಹೊತ್ತಾದ್ರೂ ಸರಿ. ಎಲ್ಲರ ಮಾತೂ ನೀವೇ ಆಡೋದು ಬಿಡಿ."

ಬಸ್ಸಿನುದ್ದಕ್ಕೂ ಕುದಿಯುತ್ತ ಬಂದೆ. ಎಲ್ಲರ ಮಾತೂ ನಾನೇ ಆಡುತ್ತೇನಂತೆ! ಆಡಿಸುವವರು ಯಾರು? ಒಬ್ಬಳಿಗೆ ಬರುವುದಿಲ್ಲ, ಇಬ್ಬರಿಗೆ ಬಂದರೂ ಆಡುವುದಿಲ್ಲ. ಆಗಲಿ, ಇವತ್ತಿನಿಂದ ಯಾರ ಮಾತೂ ನನ್ನ ನಾಲಿಗೆಯ ಮೇಲಿಲ್ಲ ಎಂದು ತೀರ್ಮಾನಿಸಿಯೇ ಮನೆಯ ಗೇಟು ತೆಗೆದೆ.

ಇವರು ಪಾಳಿಗೆ ಹೊರಡುವ ಅವಸರದಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಮುಖ ಅರಳಿತ್ತು.

"ಆಯ್ತು ಕಣೇ. ಕೊನೇ ಕಾಲು ಸುತ್ತೂ ಆಯ್ತು. ಅವನಿಗೆ ಹೇಳು, ಬೋಲ್ಟ್ ಮುಟ್ಬೇಡ, ಬರೀ ಬೆಲ್ಟ್ ಹಾಕು ಅಂತ."

"ನಾನು ಹೇಳಲ್ಲ. ನೀವೇ ಹೇಳಿ."

"ಏನು?"

"ನೀವೇ ಹೇಳಿ ಅಂದೆ. ಫೋನಿದೆ, ನಾಲಿಗೆ ಇದೆ."

"ಅವನ ಹತ್ರ ನಾನಾ?" ಎಂದು ಇವರು ಎದೆಯ ಮೇಲೆ ಕೈಯಿಟ್ಟುಕೊಂಡರು.

"ಹೇಳೋದು ಬೇಡ, ಆ ಚುಕ್ಕೆಯಾದ್ರೂ ಇಟ್ಟು ಹೋಗಿ."

"ಪೇಂಟ್ ಹೊಡೆಯೋದು ಅವನ ಕಸುಬು" ಎಂದು ಇವರು ಚಪ್ಪಲಿ ಮೆಟ್ಟಿ ಹೊರಟೇಹೋದರು.

ಸಂಜೆ ನಾನು ಅಡುಗೆಮನೆಯಲ್ಲಿ ಅಮ್ಮನ ಎದುರು ಕೂತು ಲೋಟ ಹಿಡಿದುಕೊಂಡಿದ್ದೆ. ಏನೂ ಹೇಳಲಿಲ್ಲ, ಬರೀ ಹಿಡಿದುಕೊಂಡಿದ್ದೆ. ಅಮ್ಮ ಲೋಟ ನೋಡಿದಳು, ನನ್ನನ್ನು ನೋಡಿದಳು. "ಅದು" ಎಂದಳು. ನಾನು ಕಾದೆ. 'ಲೋಟ ಅಮ್ಮಾ, ಲೋಟ' ಎಂದು ನಾಲಿಗೆ ತುದಿ ತುರಿಸುತ್ತಿತ್ತು. ಹೊರಗೆ ಮೈದುನ ಬಂದ ಸದ್ದಾಯಿತು.

"ಅತ್ತಿಗೆ, ಕೊನೇ ಸುತ್ತು ಮಾಡಿಲ್ವಾ ಅವರು? ಚುಕ್ಕೆ ಇಲ್ಲ. ಏನಾದ್ರೂ ಹೇಳಿದ್ರಾ?"

"ನಿಮ್ಮಣ್ಣನ್ನೇ ಕೇಳಿ" ಎಂದು ಕೂತಲ್ಲಿಂದಲೇ ಕೂಗಿದೆ.

ಹೊರಗೆ ಅವನು ರೆಂಚು ಎತ್ತಿಕೊಂಡದ್ದು ಕೇಳಿಸಿತು. ಬೋಲ್ಟು ಎರಡನೇ ಸಲ ತಿರುಗಿಸಿದರೆ ಏನಾಗುತ್ತದೆಂದು ನನಗೆ ಯಾರೂ ಪಾಠ ಮಾಡಿರಲಿಲ್ಲ. ಮುಟ್ಟಬೇಡ ಎಂದದ್ದು ಇವರ ಎಂದಿನ ಜಂಬ ಎಂದುಕೊಂಡಿದ್ದೆ. ಇತ್ತ ಅಮ್ಮನ ತುಟಿ ಗುಂಡಗಾಯಿತು. ಗಂಟಲಿನ ನರ ಉಬ್ಬಿತು. ನಾಲಿಗೆ ಮೇಲೆದ್ದಿತು.

"ಲೋ..." ಎಂದಳು.

ನಾನು ಲೋಟವನ್ನು ಇನ್ನಷ್ಟು ಎತ್ತಿ ಹಿಡಿದೆ.

"ಲೋ..."

ಹೊರಗೆ ಟಕ್ಕೆಂದು ಗುಂಡು ಹಾರಿದ ಹಾಗೆ ಸದ್ದಾಯಿತು. ಅಮ್ಮ ಬೆಚ್ಚಿಬಿದ್ದಳು. ಬಾಯಲ್ಲಿದ್ದುದು ಹೋಯಿತು. ಹುಡುಕಿದಳು, ಕಣ್ಣಲ್ಲಿ ನೀರು ತುಂಬಿತು, ಸಿಗಲಿಲ್ಲ. "ಅದು" ಎಂದು ಲೋಟವನ್ನು ಎಡಗೈಯಿಂದ ದೂರ ತಳ್ಳಿದಳು.

ನನ್ನ ಪಿತ್ತ ನೆತ್ತಿಗೇರಿತು. ಹೊರಗೆ ಹೋದರೆ ಮೈದುನ ಉದ್ದನೆಯ ರೆಂಚು ಹಿಡಿದು ಕಲ್ಲಾಗಿ ನಿಂತಿದ್ದ. ರೆಂಚಿನ ತುದಿಯಲ್ಲಿ ಬೋಲ್ಟಿನ ತಲೆ ಇತ್ತು. ಬೋಲ್ಟಿನ ಉಳಿದ ಭಾಗ ಎಂಜಿನ್ನಿನೊಳಗೆ ಉಳಿದಿತ್ತು. ನಾನು ಮುದ್ರಣಾಲಯಕ್ಕೆ ಫೋನು ಮಾಡಿ, "ಎಂಜಿನ್ ಮುರಿದಿದೆ, ಬನ್ನಿ" ಎಂದು ಕಟ್ ಮಾಡಿದೆ. ಇವರು ಹಾಳೆಯ ಪುಡಿ ಅಂಟಿದ ಅಂಗಿಯಲ್ಲೇ ಓಡಿಬಂದರು.

"ಮುಟ್ಬೇಡ ಅಂತ ಹೇಳಿರ್ಲಿಲ್ವಾ?" ಎಂದು ಗೇಟಿನಿಂದಲೇ ಕೂಗಿದರು.

"ಯಾರಿಗೆ ಹೇಳಿದ್ರಿ?" ಎಂದ ಮೈದುನ.

"ಇವಳಿಗೆ!"

"ಬೋಲ್ಟ್ ತಿರುಗಿಸೋನು ನಾನಾ, ಅತ್ತಿಗೆನಾ? ಒಂದು ಚುಕ್ಕೆ ಇಡೋಕೆ ನಿನಗೇನಾಗಿತ್ತು?"

"ಚುಕ್ಕೆ! ಕಾರು ಪೂರ್ತಿ ಬಳಿದೋನಿಗೆ ಚುಕ್ಕೆ ಯಾವ ಲೆಕ್ಕ! ನನ್ನನ್ನ ಕೇಳಿದ್ಯೇನೋ ಆಗ?"

"ನಿನಗೆ ಇಷ್ಟ ಆಗ್ಲಿ ಅಂತ ಮಾಡಿದ್ದು ಕಣೋ! ಇಷ್ಟ ಆಗ್ಲಿಲ್ಲ ಅಂತ ಒಂದು ಮಾತು ಬೈದಿದ್ರೆ ಮಾರನೇ ದಿನ ಹಸಿರು ಹೊಡೆಸ್ತಿದ್ದೆ!"

ಇಬ್ಬರಿಗೂ ಒಟ್ಟಿಗೆ ಹೊಳೆಯಿತೆಂದು ಕಾಣುತ್ತದೆ, ತಾವು ಮಾತಾಡುತ್ತಿದ್ದೇವೆಂದು. ಬಾಯಿ ತೆರೆದುಕೊಂಡೇ ನಿಂತರು. ಆ ಖಾಲಿ ಜಾಗಕ್ಕೆ ನಾನು ನುಗ್ಗಿದೆ.

"ನಿಮ್ಮಿಬ್ಬರ ಬಾಯಿಗೆ ಏನು ಬಂದಿದೆ? ಒಳಗೆ ನನ್ನಮ್ಮ ಒಂದು ಲೋಟ ಅನ್ನೋಕೆ ಬೆವರು ಸುರಿಸ್ತಿದಾಳೆ. ಅರ್ಧ ಮಾತು ಬಂದಿತ್ತು, ಅರ್ಧ! ನಿಮ್ಮ ಬೋಲ್ಟ್ ಅದನ್ನೂ ಮುರೀತು. ದೇವರು ಕೊಟ್ಟ ನಾಲಿಗೇನ ಎರಡು ವರ್ಷ ಉಪ್ಪಿನಕಾಯಿ ಹಾಕಿಟ್ಟಿದೀರಲ್ಲ, ನಾಚಿಕೆ ಆಗಲ್ವಾ?" ಇನ್ನೂ ಏನೇನೋ ಅಂದೆ. ಹಲ್ಲುಜ್ಜುವ ಬ್ರಷ್ಷಿನವರೆಗೂ ಹೋದೆ. ಕೊನೆಗೆ ಮೆಟ್ಟಿಲ ಮೇಲೆ ಕೂತು ಅತ್ತೆ. ಸುಮ್ಮನೆ ಹೇಳಿಬಿಟ್ಟಿದ್ದರೆ ಆಗುತ್ತಿತ್ತು ಎನ್ನುವುದೂ ಆ ಅಳುವಿನಲ್ಲಿತ್ತು. ತಪ್ಪು ಯಾರದು ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಈಗಲೂ ಮೂರು ಅಭಿಪ್ರಾಯಗಳಿವೆ.

ಇವರು ಎಂಜಿನ್ನಿನ ಮೇಲೆ ಬಗ್ಗಿದರು. ತಲೆ ಎತ್ತದೆ ಕೇಳಿದರು.

"ಒಳಗೆ ಮುರಿದಿದ್ಯಾ, ಮೇಲಾ?"

"ಹೆಡ್ ಎತ್ತಿದ್ರೇ ಗೊತ್ತಾಗೋದು" ಎಂದ ಮೈದುನ.

"ಹಿಡ್ಕೋ ಆ ಕಡೆ."

ಉಳಿದ ಬೋಲ್ಟುಗಳನ್ನು ಬಿಚ್ಚಿ ಹೆಡ್ ಎತ್ತಿದರು. ಮುರಿದ ಬೋಲ್ಟು ಬೆರಳಿನ ಗೆಣ್ಣಿನಷ್ಟು ಮೇಲೆ ನಿಂತಿತ್ತು. ಅದಕ್ಕೆ ಎಣ್ಣೆ ಬಿಟ್ಟು, ನೆನೆಸಿ, ಮರುದಿನ ಇಕ್ಕಳದಿಂದ ಕೂದಲೆಳೆ ಕೂದಲೆಳೆಯಾಗಿ ತಿರುಗಿಸಿ ತೆಗೆದರು. ಒಮ್ಮೆ ಒತ್ತಿಸಿಕೊಂಡ ಗ್ಯಾಸ್ಕೆಟ್ ಮತ್ತೆ ಬಳಕೆಗೆ ಬರುವುದಿಲ್ಲ. ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟುಗಳು ಬರಲು ಮತ್ತೆ ಕಾಯಬೇಕಾಯಿತು. ಈ ಸಲ ಇಬ್ಬರೂ ರಜೆ ಹಾಕಿ ಒಟ್ಟಿಗೆ ನಿಂತು ಬಿಗಿದರು. ಪ್ರತಿ ಕಾಲು ಸುತ್ತಿಗೂ ಇವರು ಕೈ ಚಾಚಿ "ಪೇಂಟ್" ಎನ್ನುತ್ತಿದ್ದರು, ಅವನು ಕುಂಚ ಅದ್ದಿ ಕೊಡುತ್ತಿದ್ದ. ನಾನು ಕಿಟಕಿಯಿಂದ ನೋಡಿದೆ, ಹೊರಗೆ ಹೋಗಲಿಲ್ಲ.

ಎಂಜಿನ್ ಶುರುವಾದಾಗ ಮೊದಲು ಬಿಳಿ ಹೊಗೆ ಕಾರಿ ನನ್ನ ಜೀವ ಬಾಯಿಗೆ ಬಂತು. ಒಳಗೆ ಉಳಿದ ನೀರು ಉರಿಯುತ್ತಿದೆ, ಹೋಗುತ್ತೆ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಹೋಯಿತು.

ಆಸ್ಪತ್ರೆಗೆ ಹೊರಟ ದಿನ ಅಣ್ಣತಮ್ಮಂದಿರಿಬ್ಬರೂ ಬರುತ್ತೇವೆಂದರು. ಇವರು ಚಾಲಕರ ಸೀಟಿನಲ್ಲಿ, ಪಕ್ಕದಲ್ಲಿ ಅಮ್ಮ, ಹಿಂದೆ ನಾನು, ಮೈದುನ. ಗೇಟು ದಾಟುವ ಮೊದಲೇ ಶುರುವಾಯಿತು.

"ಟಿಕ್ ಟಿಕ್ ಅಂತಿದೆ ಕಣೋ, ಕೇಳಿಸ್ತಾ?"

"ಅದು ಟ್ಯಾಪೆಟ್ಟು. ಬಿಸಿಯಾದ್ಮೇಲೆ ನಿಲ್ಲುತ್ತೆ."

"ಟ್ಯಾಪೆಟ್ ಅಲ್ಲ, ಬೆಲ್ಟಿನ ಕವರ್ ತಾಗ್ತಿದೆ."

"ಕವರ್ ಹಾಕಿದ್ದು ನಾನು, ತಾಗಲ್ಲ."

"ನೀನು ಹಾಕಿದ್ದಕ್ಕೇ ತಾಗ್ತಿರೋದು!"

ಎರಡು ವರ್ಷದ ಬಾಕಿಯನ್ನೆಲ್ಲ ಒಂದೇ ದಾರಿಯಲ್ಲಿ ಮುಗಿಸುವವರ ಹಾಗೆ ಬಾಯಿಗೆ ಬಿಡುವೇ ಇಲ್ಲ. ಸೇತುವೆ ಹತ್ತುವ ಹೊತ್ತಿಗೆ ನನ್ನ ತಲೆ ಚಿಟ್ಟು ಹಿಡಿದಿತ್ತು.

"ಸ್ವಲ್ಪ ನಿಲ್ಲಿಸ್ತೀರಾ ಇಬ್ರೂ? ಅಮ್ಮನಿಗೆ ಗಾಬರಿ ಆಗುತ್ತೆ. ಮುಳ್ಳು ನೋಡ್ರೀ ಮೊದಲು. ಅಮ್ಮಾ, ಸೆಕೆ ಆಗ್ತಿದ್ಯಾ? ಆಗ್ತಿದೆ ಅವಳಿಗೆ, ಕಿಟಕಿ ಇಳಿಸಿ. ನೀರು ಬೇಕೇನಮ್ಮಾ? ಅವಳಿಗೆ ಈ ಗಲಾಟೆ ಆಗಲ್ಲ, ನಿಮಗೆ ಎಷ್ಟು ಸಲ ಹೇಳೋದು..."

ಅಮ್ಮ ಎಡಗೈ ಎತ್ತಿದಳು. ಮೈಕಿನ ಮುಂದೆ ಕೂಗುವ ಮೊದಲು ಸುತ್ತಲಿನವರಿಗೆ ತೋರಿಸುತ್ತಿದ್ದಳಲ್ಲ, ಹಾಗೆ ಎತ್ತಿದಳು. ಕತ್ತನ್ನು ಕಷ್ಟಪಟ್ಟು ನನ್ನ ಕಡೆ ಹೊರಳಿಸಿದಳು. ತುಟಿ ನಡುಗಿತು, ನಿಂತಿತು, ಮತ್ತೆ ನಡುಗಿತು.

"ನೀ... ನೀನು..." ಎಂದಳು. "ಸುಮ್... ಸುಮ್ನಿರೇ. ಅವ್ರು... ಮಾತಾಡ್ಲಿ."

ಇವರು ಕಾರಿನ ವೇಗ ತಗ್ಗಿಸಿದರು. ಮೈದುನ ನನ್ನ ಮುಖ ನೋಡಿದ. ಅಮ್ಮಾ ಇನ್ನೊಂದು ಸಲ ಹೇಳು ಎಂದು, ಕೇಳಿದಿರಾ ನೀವು ಎಂದು, ಗಾಡಿ ನಿಲ್ಲಿಸಿ ಎಂದು, ನಾಲಿಗೆಯ ತುದಿಗೆ ಏನೇನೋ ನುಗ್ಗಿ ಬಂದವು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡೆ. ಆಸ್ಪತ್ರೆ ಬರುವವರೆಗೂ ನಾನು ಒಂದಕ್ಷರ ಆಡಲಿಲ್ಲ.